ನಾಲ್ಕನೇ ಲೈನಿನ ಕಾರ್ಡು

ಫರಹೀನಳನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗು ಎಂದು ಗುಲಫಶಾಳಿಗೆ ಯಾರೂ ಹೇಳಿರಲಿಲ್ಲ. ಅಮ್ಮಿ ಹೇಳಿರಲಿಲ್ಲ, ಖಾಲಾ ಫೋನ್ ಮಾಡಿರಲಿಲ್ಲ, ಫರಹೀನ ತಾನಾಗಿ ಕೇಳಿರಲಿಲ್ಲ. ಗುಲಫಶಾ ತನ್ನ ಕೈಯಾರೆ, ತನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು, ತನ್ನ ಪೆಟ್ರೋಲು ಸುಟ್ಟು ಕರೆದುಕೊಂಡು ಹೋದಳು. ಮುಂದಿನ ಮೂರು ತಿಂಗಳು ಈ ಮಾತು ನೆನಪಾದಾಗಲೆಲ್ಲ ಅವಳು ತನ್ನ ಹಣೆ ತಾನೇ ಬಡಿದುಕೊಂಡಳು.

ಫರಹೀನ ಅಮ್ಮಿಯ ಒಡಹುಟ್ಟಿದ ಖಾಲಾ ಮದೀನಾಬಿಯ ಮಗಳು, ಅಫಜಲಪುರದವಳು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಅಬ್ಬಾ ಜಹೀರುದ್ದೀನರದು ಗಡಿಯಾರ ರಿಪೇರಿ ಅಂಗಡಿ. ಊರಲ್ಲಿ ಸೀಟು ಸಿಗದೆ ಜೇವರ್ಗಿಯಲ್ಲಿ ಬಿ.ಎಸ್ಸಿ. ಸೇರಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಗುಲಫಶಾಳ ಮನೆಗೇ ಬಂದಿಳಿದಿದ್ದಳು. ಗುಲಫಶಾಳಿಗಿಂತ ಒಂದು ವರ್ಷ ಚಿಕ್ಕವಳು, ಮಾತು ಕಡಿಮೆ. ಗುಲಫಶಾಳನ್ನು ಆಪಾ, ಅಕ್ಕ ಎನ್ನುವಳು, ಕೂಡು ಅಂದರೆ ಕೂಡುವಳು. ಇಂಥವಳ ಮುಂದೆ ಸ್ವಲ್ಪ ಮೆರೆಯೋಣ ಎಂದು ಯಾರಿಗಾದರೂ ಅನಿಸುತ್ತದೆ. ಗುಲಫಶಾಳಿಗೂ ಅನಿಸಿತು.

ರೇಂಜು ಅಂದರೆ ಬಜಾರದ ಹಿಂದಿನ ಹಳೆಯ ತೊಗರಿ ಗೋದಾಮು. ಫೌಜಿನಿಂದ ನಿವೃತ್ತರಾಗಿ ಬಂದ ಅಬ್ದುಲ್ ಗನಿಯವರು ಅದನ್ನು ಬಾಡಿಗೆಗೆ ಹಿಡಿದು, ಏಳು ವರ್ಷದಿಂದ ಅಲ್ಲಿ ಹುಡುಗ ಹುಡುಗಿಯರಿಗೆ ಏರ್ ರೈಫಲ್ ಕಲಿಸುತ್ತಿದ್ದರು. ಮೂಲತಃ ಆಳಂದ ಕಡೆಯ ಮಟಕಿಯವರು. ಸಿಟ್ಟು ಬಂದರೆ ಬಾಯಲ್ಲಿ ಮರಾಠಿ ಬರುತ್ತಿತ್ತು. ಎಲ್ಲರೂ ಅವರನ್ನು ಉಸ್ತಾದ ಅನ್ನುತ್ತಿದ್ದರು. ಒಳಗೆ ಐದು ಲೈನು. ಈ ಕಡೆ ನಿಂತು ಹೊಡೆಯುವ ಗೆರೆ, ಹತ್ತು ಮೀಟರ್ ಆಚೆ ಕಾರ್ಡು, ಕಾರ್ಡಿನ ಹಿಂದೆ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ತಗಡು, ಅದರ ಹಿಂದೆ ಉಸುಕಿನ ಚೀಲ. ಕಾರ್ಡು ಹೋಗಿ ಬರುವುದಕ್ಕೆ ಉಸ್ತಾದರು ಸೈಕಲ್ಲಿನ ಹಳೆಯ ರಿಮ್ಮುಗಳಿಗೆ ಹಗ್ಗ ಸುತ್ತಿ ರಾಟೆ ಮಾಡಿದ್ದರು. ಹಿಡಿಕೆ ತಿರುವಿದರೆ ಕಾರ್ಡು ಕುಣಿಯುತ್ತಾ ಬರುತ್ತಿತ್ತು.

ನಿಯಮಗಳು ಬಹಳ. ಬಾಗಿಲ ಮೇಲೆ ಕೆಂಪು ಬಲ್ಬು ಉರಿಯುತ್ತಿದ್ದರೆ ಒಳಗೆ ಯಾರೂ ಕಾಲಿಡಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹೆಸರುಕಾಳಿನಷ್ಟು ಸೀಸದ ಗುಂಡು, ಅದಕ್ಕೆ ಛರ್ರಾ ಅನ್ನುತ್ತಾರೆ. ಅದನ್ನು ಉಸ್ತಾದರೇ ಎಣಿಸಿ ಬಾಮಿನ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕೊಡಬೇಕು. ಒಂದೇ ಒಂದು ಛರ್ರಾ ಕೂಡ ಜೇಬಿಗೆ ಹೋಗಕೂಡದು. ಹೊರಡುವಾಗ ಎಲ್ಲರೂ ಜೇಬು ಹೊರಗೆ ತಿರುವಿ ತೋರಿಸಿ, ಸಾಬೂನಿನಿಂದ ಕೈ ತೊಳೆದು ಹೋಗಬೇಕು. ಹೊಡೆಯದೆ ಇರುವಾಗ ರೈಫಲಿನ ನಳಿಗೆಯಲ್ಲಿ ಹಳದಿ ನೈಲಾನ್ ದಾರ ಇರಬೇಕು.

"ಬಂದೂಕ ಖಾಲಿ ಅದ ಅಂತ ಯಾರ್ ಹೇಳಿದ್ರೂ ನಂಬಬ್ಯಾಡ ಬೇಟಿ," ಎಂದು ಉಸ್ತಾದರು ಮೊದಲ ದಿನ ಫರಹೀನಳಿಗೆ ಹೇಳಿದರು. "ನಾ ಹೇಳಿದ್ರೂ ನಂಬಬ್ಯಾಡ. ಎರಡೂ ಕಡಿಂದ ಹಳದಿ ದಾರ ಕಂಡ್ರಷ್ಟ ನಂಬು."

"ಹೌದ್ರಿ," ಎಂದಳು ಫರಹೀನ.

"ಕಾರ್ಡಿಗಿ ಬಡದ್ರ ಸಾಕು ಇವತ್ತ," ಗುಲಫಶಾ ಅವಳ ಕಿವಿಯಲ್ಲಿ ಹೇಳಿದಳು. "ಗ್ವಾಡಿಗಿ ಬಡದು ನನ್ನ ಮಾನ ಕಳೀಬ್ಯಾಡ ಬೇ."

ಉಸ್ತಾದರು ಐದು ಛರ್ರಾ ಕೊಟ್ಟರು. ಮೊದಲನೆಯದು ಕಾರ್ಡಿನ ಮೂಲೆ ಹರಿಯಿತು. ಎರಡನೆಯದು ಕಪ್ಪು ವೃತ್ತದ ಅಂಚು. ಮೂರನೆಯದು ಹತ್ತು.

ಹತ್ತು ಅಂದರೆ ಕಪ್ಪು ವೃತ್ತದ ನಡುವೆ ಗುಂಡುಸೂಜಿಯ ತುದಿಯಷ್ಟು ಬಿಳಿ ಚುಕ್ಕೆ. ಮೊದಲ ಹತ್ತು ಹೊಡೆಯಲು ಗುಲಫಶಾಳಿಗೆ ಐದು ವಾರ ಹಿಡಿದಿತ್ತು. ಆ ದಿನ ಅವಳು ಕಾಲೇಜಿಗೆಲ್ಲ ಪೇಡಾ ಹಂಚಿದ್ದಳು.

"ಉಸಿರು ಹ್ಯಾಂಗ ಹಿಡದಿ?" ಉಸ್ತಾದರು ಫರಹೀನಳನ್ನು ಕೇಳಿದರು.

"ಅಬ್ಬಾನ ಅಂಗಡ್ಯಾಗ ರೂಢಿ ಅದರಿ. ಲೇಡೀಸ್ ವಾಚಿನ ಸ್ಕ್ರೂ ಎತ್ತಬೇಕಾದ್ರ ಉಸಿರು ಬಿಟ್ರ ಹಾರಿ ಹೋಗ್ತಾವ್ರಿ. ಒಂದು ಹಾರಿದ್ರ ಅದು ಸಿಗೂತನಾ ಚಾ ಇಲ್ಲ ಅಂತಿದ್ರು."

ಉಸ್ತಾದರು ನಕ್ಕರು. ಎರಡು ವರ್ಷದಲ್ಲಿ ಅವರ ಬಲಗಡೆಯ ಒಂದು ದವಡೆ ಹಲ್ಲು ಇಲ್ಲ ಎಂಬುದು ಗುಲಫಶಾಳಿಗೆ ಗೊತ್ತಾದದ್ದು ಅಂದೇ. ತನಗೆ ಅವರು ಯಾವತ್ತೂ ಅಷ್ಟು ಬಾಯಿ ತೆರೆದು ನಕ್ಕಿರಲಿಲ್ಲ.

"ಕೈ ಛಲೋ ಅದ," ಎಂದರು ಉಸ್ತಾದರು.

ಗುಲಫಶಾಳಿಗೆ ಅವರು ಇಷ್ಟು ದಿನ ಅಂದದ್ದು ಎರಡೇ ಮಾತು. ಒಂದು, "ಠೀಕ್ ಅದ." ಇನ್ನೊಂದು, "ಮೊಣಕೈ ಒಳಗ ತೊಗೊ."

ಬಾಗಿಲ ಪಕ್ಕದ ಗೋಡೆಯ ಮೇಲೆ ಮೂರು ಕಾರ್ಡುಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಏಳು ವರ್ಷದಲ್ಲಿ ಮೂರೇ. ಚುಕ್ಕೆಗೆ ತಾಗಿದರೂ ಹತ್ತೇ, ಆದರೆ ಛರ್ರಾ ಚುಕ್ಕೆಯನ್ನು ಪೂರಾ ಹಾರಿಸಿ, ತೂತಿನ ಸುತ್ತಲಿನ ಗೆರೆ ಕೂದಲೆಳೆಯಷ್ಟೂ ಆ ಕಡೆ ಈ ಕಡೆ ವಾಲದೆ ಉಳಿದರೆ ಮಾತ್ರ ಕಾರ್ಡು ಗೋಡೆಗೆ ಏರುತ್ತಿತ್ತು. ಅಂಥ ಕಾರ್ಡು ಕೈಗೆ ಬಂದರೆ ಉಸ್ತಾದರು ಎಲ್ಲರ ಮುಂದೆ "ಶಾಬಾಷ್" ಅನ್ನುತ್ತಾರಂತೆ. ಗುಲಫಶಾ ಕೇಳಿದ್ದಳಷ್ಟೇ, ಕಿವಿಯಾರೆ ಕೇಳಿರಲಿಲ್ಲ. ದಿನಾ ಬೂಟು ಹಾಕಿಕೊಳ್ಳುವಾಗ ಆ ಮೂರು ಕಾರ್ಡು ನೋಡಿ, ನಾಲ್ಕನೆಯದಕ್ಕೆ ಎಲ್ಲಿ ಮೊಳೆ ಹೊಡೆಯಬಹುದು ಎಂದು ಗೋಡೆಯ ಮೇಲೆ ಜಾಗವನ್ನೂ ಗುರುತಿಸಿಟ್ಟಿದ್ದಳು.

ಆಮೇಲೆ ಫರಹೀನ ದಿನಾ ಬರತೊಡಗಿದಳು. ಗುಲಫಶಾಳದು ಮೂರನೇ ಲೈನು. ಫರಹೀನಳಿಗೆ ಉಸ್ತಾದರು ಪಕ್ಕದ ನಾಲ್ಕನೆಯದನ್ನು ಕೊಟ್ಟರು.

ಹೊಟ್ಟೆಕಿಚ್ಚು ದೊಡ್ಡ ವಿಷಯಕ್ಕೇ ಬರಬೇಕು ಅಂತೇನಿಲ್ಲ. ಫರಹೀನ ಕಾರ್ಡಿನ ತಲೆಯ ಮೇಲೆ ತನ್ನ ಹೆಸರು ಬರೆದರೆ ಅಚ್ಚು ಹೊಡೆದ ಹಾಗೆ ಇರುತ್ತಿತ್ತು. ಗುಲಫಶಾಳ ಅಕ್ಷರ ಕೋಳಿ ಕೆದರಿದ ಹಾಗೆ. ಫರಹೀನಳ ಕೈಗಡಿಯಾರ ಒಂದು ನಿಮಿಷವೂ ಹಿಂದೆ ಬೀಳುತ್ತಿರಲಿಲ್ಲ. ಫರಹೀನ ಹಾಸಿಗೆಗೆ ಬಿದ್ದರೆ ಎರಡು ನಿಮಿಷದಲ್ಲಿ ನಿದ್ದೆ. ಮನೆಯಲ್ಲಿ ಅಮ್ಮಿಯದು ಬೇರೆ.

"ಫರಹೀನ ತಾಟು ತೊಳದಿಟ್ಟಾಳ ನೋಡು, ಮುಖ ಕಾಣ್ತದ ಅದರಾಗ," ಎಂದಳು ಒಂದು ದಿನ ಅಮ್ಮಿ ಮೆಹರಾಜಬೇಗಂ.

"ಅದರಾಗೇ ನೋಡ್ಕೊತ ಕೂಡು ಅಮ್ಮಿ. ಕನ್ನಡಿ ಮಾರಿ ಬಿಡೋಣು."

"ನಿನಗ ಯಾಕ್ ಬೇ ಉರೀ? ನಿನ್ನ ತಂಗಿ ಅಲ್ಲೇನು?"

"ನನಗೇನ್ ಉರಿ ಇಲ್ಲ. ಪಲ್ಯಾಕ ಖಾರ ಜಾಸ್ತಿ ಆಗ್ಯದ."

ಪಲ್ಯಕ್ಕೆ ಖಾರ ಹಾಕಿದ್ದು ಗುಲಫಶಾಳೇ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಆ ಮಸೂರ. ಗಡಿಯಾರ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಬಟ್ಟಲಿನಂಥ ಮಸೂರ. ಫರಹೀನ ಒಮ್ಮೆ ಊರಿಗೆ ಹೋಗಿ ಬರುವಾಗ ಅಬ್ಬಾನ ಹಳೆಯದೊಂದನ್ನು ತಂದು ಉಸ್ತಾದರಿಗೆ ಕೊಟ್ಟಳು. ಅಂದಿನಿಂದ ಉಸ್ತಾದರು ಯಾರ ಕಾರ್ಡು ನೋಡಿದರೂ ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ನೋಡುತ್ತಿದ್ದರು. ಅಂದರೆ ಗುಲಫಶಾಳ ಎಂಟು, ಒಂಬತ್ತುಗಳನ್ನೂ ಈಗ ಫರಹೀನಳ ಮನೆಯ ಕಣ್ಣಿನಿಂದ ನೋಡುವುದಾಯಿತು.

"ನೀ ಏನ್ ಕೊಟ್ಟಿ ಉಸ್ತಾದರಿಗೆ, ಎರಡು ವರ್ಷದಾಗ?" ಎಂದು ಕೆಣಕಿದಳು ಅನುರಾಧಾ. ಅಂದೋಲಾದಿಂದ ದಿನಾ ಬಸ್ಸಿಗೆ ಬರುವ ಅನುರಾಧಾ ಗುಲಫಶಾಳ ಕ್ಲಾಸಿನವಳು. ಐದನೇ ಲೈನಿನಲ್ಲಿ ಹೊಡೆಯುತ್ತಿದ್ದಳು, ಎಲ್ಲಿ ಬಿದ್ದರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

"ತಲಿನೋವು ಕೊಟ್ಟೀನಿ."

"ಅದು ನಾನೂ ಕೊಟ್ಟೀನಿ. ಅದಕ್ಕ ಬಾಮಿನ ಡಬ್ಬಿ ಅಷ್ಟು ಅವ ಅವರ ಹಂತ್ಯಾಕ."

ಗುಲಫಶಾಳ ಶೂಟಿಂಗಿನ ದಪ್ಪ ಜಾಕೀಟಿನ ಬಲಗಡೆಯ ಜೇಬಿನ ಒಳಗೆ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಒಂದು ಸಂಜೆ ಫರಹೀನ ಸೂಜಿ ದಾರ ಹಿಡಿದುಕೊಂಡು ಬಂದಳು.

"ಆಪಾ, ಜೇಬು ಹರದದ. ಕೊಡು, ಹೊಲದು ಕೊಡ್ತೇನಿ."

"ಮುಟ್ಟಬ್ಯಾಡ."

"ಎರಡು ನಿಮಿಷದ ಕೆಲಸ ಆಪಾ."

"ನಿನ್ನ ಎರಡು ನಿಮಿಷ ನಿನ್ನ ಹಂತ್ಯಾಕ ಇಟ್ಕೊ. ನಂದೂ ನೀನೇ ಹೊಲೀತಿ, ಉಸ್ತಾದರ ಕಣ್ಣೂ ನೀನೇ ಮಾಡ್ತಿ. ನಾ ಏನ್ ಮಾಡ್ಲಿ, ಕೂತು ಚಪ್ಪಾಳಿ ಹೊಡೀಲ್ಯಾ?"

ಫರಹೀನ ಸೂಜಿಯನ್ನು ರೀಲಿಗೆ ಚುಚ್ಚಿ ಒಳಗೆ ಹೋದಳು. ಹರಿದ ಜೇಬು ಹರಿದೇ ಉಳಿಯಿತು.

ಆಗಲೇ ಸುದ್ದಿ ಬಂತು. ಕಲಬುರಗಿಯಲ್ಲಿ ವಿಭಾಗ ಮಟ್ಟದ ಸ್ಪರ್ಧೆ; ಒಂದು ಕ್ಲಬ್ಬಿನಿಂದ ಒಬ್ಬಳೇ ಹುಡುಗಿ. ಎರಡು ವರ್ಷದಿಂದ ಗುಲಫಶಾ ಇದೇ ಒಂದು ಕಾಗದಕ್ಕಾಗಿ ಕಾದಿದ್ದಳು. ಮೂರು ತಿಂಗಳ ಹಿಂದಾಗಿದ್ದರೆ ಉಸ್ತಾದರು ಕೇಳದೆಯೇ ಅವಳ ಹೆಸರು ಬರೆದು ಕಳಿಸುತ್ತಿದ್ದರು.

"ಆಯಿತ್ವಾರ ಮುಂಜಾನಿ ಇಬ್ಬರೂ ನಲವತ್ತು ಶಾಟ್ ಹೊಡೀರಿ," ಎಂದರು ಉಸ್ತಾದರು. "ಎಂಟು ಕಾರ್ಡು, ಒಂದೊಂದಕ್ಕ ಐದು. ಯಾರದು ಹೆಚ್ಚೋ ಅವರು ಹೋಗ್ರಿ."

ಅನುರಾಧಾ ತಾನು ಹೊಡೆಯುವುದಿಲ್ಲ, ಅಂಕ ಬರೆಯುತ್ತೇನೆ ಎಂದಳು. "ನಾ ಹೊಡದ್ರ ನಿಮ್ಮಿಬ್ಬರ ಹೆಸರು ಕೆಡ್ತದ."

ಭಾನುವಾರ ಬೆಳಿಗ್ಗೆ ಕೆಂಪು ಬಲ್ಬು ಹೊತ್ತಿಕೊಂಡಿತು. ಉಸ್ತಾದರು ಎರಡು ಮುಚ್ಚಳಗಳಲ್ಲಿ ಐದೈದು ಛರ್ರಾ ಎಣಿಸಿ ಹಾಕಿದರು. ಹಳದಿ ದಾರಗಳು ನಳಿಗೆಯಿಂದ ಹೊರಗೆ ಬಂದು ಮೇಜಿನ ಮೇಲೆ ಮಲಗಿದವು.

"ಲೋಡ್," ಎಂದರು ಉಸ್ತಾದರು.

ಮನಸ್ಸು ಅಲುಗಾಡದಂತೆ ನಿಂತ ನೀರನ್ನು ನೆನೆಸಿಕೊಳ್ಳಿ ಎಂದು ಉಸ್ತಾದರು ಯಾವಾಗಲೂ ಹೇಳುತ್ತಿದ್ದರು. ಗುಲಫಶಾ ಕಣ್ಣು ಮುಚ್ಚಿ ಸೊನ್ನದ ಬ್ಯಾರೇಜಿನ ಹಿಂದೆ ಗೇಟು ಹಾಕಿ ನಿಲ್ಲಿಸಿದ ಭೀಮೆಯ ನೀರನ್ನು ನೆನೆಸಿಕೊಂಡಳು. ಹಸಿರು, ಅಗಲ, ಅಲೆ ಇಲ್ಲದ ನೀರು. ಎರಡು ಉಸಿರು ಚೆನ್ನಾಗಿತ್ತು. ಮೂರನೇ ಉಸಿರಿಗೆ, ಸೊನ್ನ ಇರುವುದು ಅಫಜಲಪುರ ತಾಲೂಕಿನಲ್ಲಿ ಎಂಬುದು ನೆನಪಾಯಿತು. ಆ ನೀರೂ ಫರಹೀನಳ ಊರ ಕಡೆಯದೇ. ಹೋಯಿತು, ನೀರೆಲ್ಲ ಕಲಕಿ ಹೋಯಿತು.

ಆದರೂ ಅವಳು ಚೆನ್ನಾಗಿಯೇ ಹೊಡೆದಳು. ಏಳು ಕಾರ್ಡು ಮುಗಿದಾಗ ಅನುರಾಧಾ ಹಲಗೆಯ ಮೇಲೆ ಬರೆದಳು: ಗುಲಫಶಾ ಮುನ್ನೂರ ಇಪ್ಪತ್ತೇಳು, ಫರಹೀನ ಮುನ್ನೂರ ಇಪ್ಪತ್ತೆಂಟು. ಒಂದು ಅಂಕ. ಎರಡು ವರ್ಷ ಒಂದು ಕಡೆ, ಮೂರು ತಿಂಗಳು ಒಂದು ಕಡೆ, ನಡುವೆ ಒಂದು ಅಂಕ.

ಕೊನೆಯ ಕಾರ್ಡು. ಗುಲಫಶಾಳಿಗೆ ಈಗ ತನ್ನ ಕಾರ್ಡಿಗಿಂತ ಪಕ್ಕದ ಕಾರ್ಡೇ ಹೆಚ್ಚು ಕಾಣತೊಡಗಿತ್ತು. ಫರಹೀನ ಹೊಡೆದಾಗಲೆಲ್ಲ ಆ ಕಾರ್ಡು ಸಣ್ಣಗೆ ನಡುಗುತ್ತಿತ್ತು. ಎಷ್ಟು ನಡುಗಿತು, ಎಲ್ಲಿ ನಡುಗಿತು ಎಂದು ನೋಡದೆ ಇರಲಾಗಲಿಲ್ಲ. ಚೆನ್ನಾಗಿ ಕಾಣಲಿ ಎಂದು ಗೊತ್ತಿಲ್ಲದೆಯೇ ಅವಳ ಎಡಗಾಲು ಅರ್ಧ ಗೇಣು ಆ ಕಡೆ ಸರಿದಿತ್ತು. ತನ್ನ ನಾಲ್ಕು ಹೊಡೆದಳು. ಐದನೆಯದನ್ನು ತುಂಬಿದಳು. ಫರಹೀನ ಆಗಲೇ ಐದೂ ಹೊಡೆದು ರೈಫಲ್ ಕೆಳಗಿಟ್ಟು, ಹಳದಿ ದಾರ ತೂರಿಸುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ ಮುಖದಿಂದ ಗುಲಫಶಾ ಕಣ್ಣು ಕಿತ್ತಳು. ಇನ್ನೊಮ್ಮೆ ಅವಳ ಕಾರ್ಡಿನ ಕಡೆ ನೋಡಿದಳು, ನೋಡುತ್ತಲೇ ಕೆನ್ನೆಯನ್ನು ರೈಫಲಿಗೆ ಒರಗಿಸಿದಳು.

ರೈಫಲಿನ ಸಣ್ಣ ಕಿಂಡಿಯಿಂದ ನೋಡಿದರೆ ಕಾಣುವುದು ಒಂದು ಕಪ್ಪು ಚೆಂಡು ಮಾತ್ರ. ಮೇಲೆ ಬರೆದ ನಂಬರಾಗಲಿ ಹೆಸರಾಗಲಿ ಕಾಣುವುದಿಲ್ಲ. ಕಪ್ಪು ಚೆಂಡು ಕಿಂಡಿಯ ನಡುವೆ ಬಂದು ತಣ್ಣಗೆ ನಿಂತಿತು. ಅಷ್ಟು ತಣ್ಣಗೆ ಅದು ಎಂದೂ ನಿಂತಿರಲಿಲ್ಲ. ಎದೆಬಡಿತವೂ ಕೇಳಲಿಲ್ಲ. ಬೆರಳು ತಾನಾಗಿಯೇ ಎಳೆಯಿತು, ಎಳೆದದ್ದು ಬೆರಳಿಗೇ ಗೊತ್ತಾಗಲಿಲ್ಲ. ಇದು ಹತ್ತು ಎಂದು ಅವಳ ಇಡೀ ಮೈಗೆ ತಿಳಿಯಿತು.

ಕೆನ್ನೆ ಎತ್ತಿ ನೋಡಿದಳು. ಮೂರನೇ ಲೈನಿನ ಕಾರ್ಡು ಗೋಡೆಯ ಹಾಗೆ ಅಲ್ಲಾಡದೆ ನಿಂತಿತ್ತು. ನಾಲ್ಕನೇ ಲೈನಿನ ಕಾರ್ಡು ನಡುಗುತ್ತಿತ್ತು.

ಶೂಟಿಂಗಿನಲ್ಲಿ ಇದಕ್ಕಿಂತ ನಗೆಪಾಟಲಿನ ತಪ್ಪು ಇನ್ನೊಂದಿಲ್ಲ. ಮಂದಿಯ ಕಾರ್ಡಿಗೆ ಹೊಡೆದ ಗುಂಡು, ಹೊಡೆದವರಿಗೆ ಸೊನ್ನೆ. ಗುಲಫಶಾ ನಿಂತಲ್ಲೇ ಬೆವತಳು. ಹಿಂದೆ ತಿರುಗಿ ನೋಡಿದಳು: ಉಸ್ತಾದರು ಬಾಗಿಲ ಹತ್ತಿರ ಚಹಾದ ಲೋಟ ಹುಡುಕುತ್ತಿದ್ದರು, ಅನುರಾಧಾ ಹಲಗೆ ಒರೆಸುತ್ತಿದ್ದಳು, ಫರಹೀನ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಯಾರೂ ನೋಡಿಲ್ಲ.

ಕೈ ಒರೆಸಿಕೊಳ್ಳಲು ಅವಳು ಜಾಕೀಟಿನ ಜೇಬಿಗೆ ಕೈ ಹಾಕಿದಳು. ಹೊಲಿಗೆ ಬಿಟ್ಟ ಕಡೆಯಿಂದ ಬೆರಳು ಅಸ್ತರಿನ ಒಳಗೆ ಹೋಯಿತು. ಅಲ್ಲಿ ಹೆಸರುಕಾಳಿನಂಥದ್ದೊಂದು ಬೆರಳಿಗೆ ಸಿಕ್ಕಿತು. ಎಂದೋ ಅಭ್ಯಾಸ ಮಾಡುವಾಗ ಬಿದ್ದು ಅಸ್ತರಿನಲ್ಲಿ ಅಡಗಿದ್ದ ಛರ್ರಾ; ಜೇಬು ತಿರುವಿ ತೋರಿಸಿದರೂ ಉದುರದೆ ಉಳಿದದ್ದು.

ಯೋಚನೆ ಮಾಡಿದ್ದರೆ ಮಾಡುತ್ತಿರಲಿಲ್ಲವೇನೋ. ಯೋಚನೆ ಮಾಡುವುದಕ್ಕೆ ಮೊದಲೇ ತುಂಬಿ, ಎತ್ತಿ, ಹೊಡೆದಿದ್ದಳು. ಮೂರನೇ ಲೈನಿನ ಕಾರ್ಡು ಈ ಸಲ ನಡುಗಿತು.

"ಮುಗೀತೇನು?" ಎಂದರು ಉಸ್ತಾದರು.

"ಮುಗೀತ್ರಿ."

"ಅನ್‌ಲೋಡ್. ದಾರ ಹಾಕ್ರಿ. ಕಾರ್ಡು ತರ್ರಿ."

ಎರಡೂ ಕಾರ್ಡುಗಳು ಹಗ್ಗದ ಮೇಲೆ ಕುಣಿಯುತ್ತಾ ಬಂದವು. ಉಸ್ತಾದರು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೊದಲು ಗುಲಫಶಾಳ ಕಾರ್ಡು ನೋಡಿದರು. "ಒಂಬತ್ತು, ಒಂಬತ್ತು, ಹತ್ತು, ಒಂಬತ್ತು, ಒಂಬತ್ತು. ನಲವತ್ತಾರು. ಠೀಕ್ ಅದ."

ಅನುರಾಧಾ ಕೂಡಿಸಿದಳು. ಮುನ್ನೂರ ಎಪ್ಪತ್ಮೂರು.

ಫರಹೀನಳ ಕಾರ್ಡು ಕೈಗೆ ತೆಗೆದುಕೊಂಡರು. ಎಣಿಸಿದರು. ಮತ್ತೆ ಎಣಿಸಿದರು.

"ಬೇಟಿ, ಎಷ್ಟ್ ಹೊಡದಿ?"

"ಐದ್ರಿ."

"ಇದರಾಗ ಆರು ಅವ."

ಫರಹೀನ ಬಗ್ಗಿ ನೋಡಿದಳು. ಅವಳ ತುಟಿಗಳು ಅಲುಗಿದವು, ಒಂದೊಂದೇ ಎಣಿಸಿಕೊಳ್ಳುತ್ತಿದ್ದಳು. "ನಾ ಐದೇ ಹೊಡದೀನಿ ಅನ್ಕೊಂಡೀನ್ರಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಹಿಂದಿನ ಕಾರ್ಡಿಂದು ಒಂದು ಮುಚ್ಚಳದಾಗ ಉಳದಿತ್ತೇನೋ. ಗೊತ್ತಾಗವಲ್ದು."

"ಹೊಸಬರಿಗಿ ಆಗ್ತದ ಇದು. ಗಡಬಡ್ಯಾಗ ಲೆಕ್ಕ ತಪ್ತದ." ಉಸ್ತಾದರು ನಿಟ್ಟುಸಿರು ಬಿಟ್ಟರು. "ನಿಯಮ ನಿಯಮನೇ. ಹೆಚ್ಚಿಗಿ ತೂತು ಬಿದ್ರ ಎಲ್ಲಾದ್ರಾಗ ಛಲೋದನ್ನ ತಗೀಬೇಕು, ಮ್ಯಾಲ ಎರಡು ಅಂಕ ಕಡೀಬೇಕು. ಬರಿ ಅನುರಾಧಾ. ಮುನ್ನೂರ ಎಪ್ಪತ್ತೆರಡು."

ಗುಲಫಶಾಳಿಗೆ ಕಿವಿಯೊಳಗೆ ಗುಂಯ್ ಅಂದಿತು. ಒಂದು ಅಂಕದಿಂದ ಗೆದ್ದಿದ್ದಳು. ಕಲಬುರಗಿ ಅವಳದು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಇನ್ನೇನೂ ಮಾಡಬೇಕಿಲ್ಲ. ಬಾಯಿ ಮುಚ್ಚಿಕೊಳ್ಳುವುದು ಎಂಥ ಕಷ್ಟದ ಕೆಲಸ? ಅವಳು ನೆಲ ನೋಡುತ್ತಾ ನಿಂತಳು. ಫರಹೀನ ತನ್ನ ಬೆರಳುಗಳನ್ನು ತಾನೇ ನೋಡಿಕೊಳ್ಳುತ್ತಿದ್ದಳು, ಅವು ಬೇರೆ ಯಾರವೋ ಎಂಬಂತೆ.

ಉಸ್ತಾದರು ಮಾತ್ರ ಕಾರ್ಡು ಕೆಳಗಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು. ಮಸೂರ ತೆಗೆದು ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿಕೊಂಡರು. ಜೇಬಿನಿಂದ ಹಿತ್ತಾಳೆಯ ಅಳತೆ ಕಡ್ಡಿ ತೆಗೆದು ನಡುವಿನ ತೂತಿನೊಳಗೆ ಇಳಿಸಿದರು.

"ಅಂಕ ಹೋದ್ರ ಹೋಗ್ಲಿ," ಎಂದರು ಮೆಲ್ಲಗೆ. "ಇದನ್ನ ನೋಡ್ರಿಲ್ಲೆ. ಚುಕ್ಕಿ ಇಲ್ಲ. ಸುತ್ತ ಗೆರಿ ನೋಡು, ಬಳಿ ಇಟ್ಟಂಗ ಅದ. ನಾಕ ವರ್ಷ ಆಯ್ತು ಇಂಥದ್ದು ನೋಡಿ."

ಮೇಜಿನ ಡ್ರಾಯರಿನಿಂದ ಮೊಳೆ ಮತ್ತು ಸುತ್ತಿಗೆ ತೆಗೆದರು. ಬಾಗಿಲ ಕಡೆ ನಡೆದರು. ಗುಲಫಶಾ ಎರಡು ವರ್ಷದಿಂದ ಗುರುತಿಸಿಟ್ಟಿದ್ದ ಜಾಗಕ್ಕೇ, ಮೂರನೆಯ ಕಾರ್ಡಿನ ಬಲಕ್ಕೆ, ಫರಹೀನಳ ಅಚ್ಚು ಹೊಡೆದಂಥ ಅಕ್ಷರವಿದ್ದ ಕಾರ್ಡನ್ನು ಒತ್ತಿ ಹಿಡಿದರು. ಆಮೇಲೆ ತಿರುಗಿ ಫರಹೀನಳ ತಲೆಯ ಮೇಲೆ ಕೈ ಇಟ್ಟರು.

"ಶಾಬಾಷ್, ಬೇಟಿ."

ಗುಲಫಶಾ ಅದನ್ನು ಕಿವಿಯಾರೆ ಕೇಳಿದಳು. ಎರಡು ವರ್ಷ ಕಾದ ಮಾತು, ತನ್ನ ಬೆರಳಿನಿಂದ ಹೊರಟದ್ದು, ತನ್ನ ಕಣ್ಣೆದುರಿಗೇ ಇನ್ನೊಬ್ಬಳ ತಲೆಯ ಮೇಲೆ ಹೋಗಿ ಕೂತಿತು. ಕಲಬುರಗಿ, ಸ್ಪರ್ಧೆ, ಒಂದು ಅಂಕ, ಎಲ್ಲ ಒಂದು ಕ್ಷಣ ಎಲ್ಲೋ ಹೋಯಿತು.

"ಅದು ನಂದ್ರಿ."

"ಏನ್ ನಿಂದು?" ಬಾಯಲ್ಲಿ ಮೊಳೆ ಹಿಡಿದಿದ್ದ ಉಸ್ತಾದರು ಕೇಳಿದರು.

"ಆ ನಡುವಿನ ಶಾಟು. ನಾ ಹೊಡದೀನಿ. ಆಕೀದಲ್ಲ."

"ಇದು ನಾಕನೇ ಲೈನಿನ ಕಾರ್ಡು."

"ಗೊತ್ತದ್ರಿ. ತಪ್ಪಿ ಅದಕ್ಕ ಹೊಡದೀನಿ. ಆಕೀ ಐದೇ ಹೊಡದಾಳ. ಆಕೀ ಲೆಕ್ಕ ತಪ್ಪಿಲ್ಲ. ಆಕೀ ಲೆಕ್ಕ ಎಂದೂ ತಪ್ಪಂಗಿಲ್ಲ, ಅದೇ ನನಗ ಬ್ಯಾನಿ. ಖರೆ, ಆ ಹತ್ತು ನಂದು."

ಉಸ್ತಾದರು ಬಾಯಿಂದ ಮೊಳೆ ತೆಗೆದರು. ಅವರು ಕೇಳಿದ ಪ್ರಶ್ನೆ ಗುಲಫಶಾ ಅಂದುಕೊಂಡದ್ದಲ್ಲ.

"ನಿನ್ನ ಕಾರ್ಡಿನ್ಯಾಗ ಐದು ಅವ. ನಾ ಕೊಟ್ಟದ್ದು ಐದು. ಈ ಆರನೇದು ಎಲ್ಲಿಂದ ಬಂತು?"

ಅವಳು ಜೇಬನ್ನು ಹೊರಗೆ ತಿರುವಿ, ಹರಿದ ಹೊಲಿಗೆಯೊಳಗೆ ಬೆರಳು ತೂರಿಸಿ ತೋರಿಸಿದಳು.

"ಕಾಯ್ ಕೇಲಂಸ್ ತೂ, ಏನ್ ಮಾಡಿದಿ ನೀ," ಎಂದರು ಉಸ್ತಾದರು. ಮರಾಠಿ ಬಂದಿತ್ತು. "ಮಂದಿ ಕಾರ್ಡಿಗಿ ಹೊಡೆಯೋದು ತಪ್ಪು. ಯಾರರೇ ಮಾಡ್ತಾರ, ನಾನೂ ಮಾಡೀನಿ, ಒಂದು ಸಲ ಸುಬೇದಾರನ ಕಾರ್ಡಿಗಿ ಹೊಡದೀನಿ. ಖರೆ ಜೇಬಿನ್ಯಾಗಿನ ಛರ್ರಾ? ನಾ ಎಣಿಸಿ ಕೊಡೋದು ಯಾಕ? ನಾ ಎಣಿಸಲಾರದ್ದು ಒಂದು ಇಲ್ಲಿ ಅಡ್ಡಾಡಿದ್ರ, ನಾಳಿ ಖಾಲಿ ಅದ ಅಂತ ನಾ ಅಂದಾಗ ಅದು ಖಾಲಿ ಇರಂಗಿಲ್ಲ. ಆವಾಗ ಕಾರ್ಡಿಗಿ ಬೀಳಂಗಿಲ್ಲ ಅದು. ಯಾರ ಕಣ್ಣಿಗಿ ಬೀಳ್ತದೋ."

ಗುಲಫಶಾಳಿಗೆ ಅಳು ಬಂತು. ಅತ್ತಳು. ಅನುರಾಧಾ ಹಲಗೆಯ ಮೇಲಿನ ಅಂಕ ಒರೆಸಿ ಹೊಸದಾಗಿ ಬರೆದಳು: ಫರಹೀನ ಮುನ್ನೂರ ಎಪ್ಪತ್ನಾಲ್ಕು. ಗುಲಫಶಾಳ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಸುಣ್ಣದ ಕಡ್ಡಿ ಹಿಡಿದುಕೊಂಡು ನಿಂತಳು.

"ಒಂದು ತಿಂಗಳು ರೈಫಲ್ ಮುಟ್ಟಬ್ಯಾಡ," ಎಂದರು ಉಸ್ತಾದರು. "ದಿನಾ ಬಾ. ಬಾಗಲಕ ಕೂಡು. ಕೆಂಪು ಬಲ್ಬು ಹಚ್ಚು, ಆರಿಸು, ಎಲ್ಲಾರ ಜೇಬು ನೋಡು."

ಹೇಳಿ, ಎರಡೇ ಏಟಿಗೆ ಆ ಕಾರ್ಡನ್ನು ಗೋಡೆಗೆ ಹೊಡೆದರು. ಹೆಸರು ಅಳಿಸಲಿಲ್ಲ. ಜೇಬಿನ ಪೆನ್ನು ತೆಗೆದು ಕೆಳಗೆ ಬರೆದರು: ಹೊಡೆದವಳು ಗುಲಫಶಾ, ತಪ್ಪು ಕಾರ್ಡು.

"ಮತ್ತ ಶಾಬಾಷ್?" ಎಂದು ಕೇಳಿದವಳು ಅನುರಾಧಾ. ಗುಲಫಶಾಳಿಗೆ ಕೇಳುವ ಮುಖ ಇರಲಿಲ್ಲ.

"ಒಮ್ಮಿ ಅಂದೀನಿ. ಎರಡನೇ ಸಲ ಅನ್ನಂಗಿಲ್ಲ. ಯಾರಿಗಿ ಮುಟ್ಟಬೇಕೋ ಮುಟ್ಟಲಿ."

ಮನೆಗೆ ಹೋಗುವಾಗ ಫರಹೀನ ಸ್ಕೂಟಿಯ ಹಿಂದೆ ಕೂತಳು, ಆದರೆ ಭುಜ ಹಿಡಿಯಲಿಲ್ಲ. ಮನೆ ಬಂದಾಗ ಇಳಿದು, ಚಪ್ಪಲಿ ಬಿಡುತ್ತಾ ಹೇಳಿದಳು.

"ನೀ ಗೆಲ್ಲಬೇಕಂತ ಮಾಡಿದ್ರ ನನಗ ಇಷ್ಟು ಸಿಟ್ಟು ಬರ್ತಿದ್ದಿಲ್ಲ ಆಪಾ. ಖರೆ ಹತ್ತು ನಿಮಿಷ ನನ್ನ ಕೈ ಮ್ಯಾಲೇ ನನಗ ನಂಬಿಕಿ ಹೋಗಿತ್ತು. ಆರು ಹೊಡದು ಮರತೀನಿ, ನಂಗ ಏನಾಗ್ಯದ ಅಂತ. ಅದನ್ನ ಮಾಫ್ ಮಾಡಂಗಿಲ್ಲ ನಾ."

ಹದಿನೈದು ದಿನ ಮಾಡಲೂ ಇಲ್ಲ. ತಾಟು ಮಾತ್ರ ಮುಖ ಕಾಣುವ ಹಾಗೆ ತೊಳೆದಿಟ್ಟಳು, ಗುಲಫಶಾಳದನ್ನು ಬಿಟ್ಟು.

ಫರಹೀನ ಕಲಬುರಗಿಗೆ ಹೋಗಿ ಆರನೇ ಸ್ಥಾನ ತೆಗೆದುಕೊಂಡು ಬಂದಳು. ಗುಲಫಶಾ ಅಷ್ಟು ದಿನ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಸರಿಯಾಗಿ ಆ ಕಾರ್ಡಿನ ಕೆಳಗೆ, ಬಲ್ಬಿನ ಸ್ವಿಚ್ಚು ಕಾಯುತ್ತಾ ಕೂತಿದ್ದಳು. ಬಂದವರೆಲ್ಲ ಕಾರ್ಡು ಓದಿ ನಗುತ್ತಿದ್ದರು. ಅವಳು ಅವರ ಜೇಬುಗಳನ್ನು ಅಸ್ತರಿನವರೆಗೆ ತಡಕಾಡಿ ಸೇಡು ತೀರಿಸಿಕೊಳ್ಳುತ್ತಿದ್ದಳು. ಆರನೇ ಸ್ಥಾನ ಎಂದು ಕೇಳಿ ಒಳಗೊಳಗೆ ಸ್ವಲ್ಪ ಹಿಗ್ಗಿದಳು. ಒಟ್ಟು ಮೂವತ್ತೊಂದು ಮಂದಿ ಇದ್ದರು ಎಂದು ಕೇಳಿ ಮತ್ತೆ ಕುಗ್ಗಿದಳು.

ಮರುದಿನ ಅವಳು ಕೈ ತೊಳೆದು ಬರುವಷ್ಟರಲ್ಲಿ, ಫರಹೀನ ಬಾಗಿಲ ಬಳಿ ಒಬ್ಬಳೇ ನಿಂತಿದ್ದಳು. ಉಸ್ತಾದರ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ ಕಾರ್ಡು ನೋಡುತ್ತಿದ್ದಳು.

"ಏನ್ ಹುಡುಕಾಕತ್ತಿ ಬೇ?"

ಫರಹೀನ ಬೆಚ್ಚಿ ಮಸೂರ ತೆಗೆದಳು. "ಏನಿಲ್ಲ. ಎಲ್ಲರ ಸ್ವಲ್ಪ ವಾಲ್ಯದೇನು ನೋಡಾಕತ್ತಿದ್ದೆ."

"ವಾಲ್ಯದಾ?"

"ಇಲ್ಲ." ಮಸೂರವನ್ನು ಬೆರಳಲ್ಲಿ ತಿರುವುತ್ತಾ, "ಉಸ್ತಾದರು ನನ್ನ ಹೆಸರು ಅಳಸಲ್ಯಾ ಅಂತ ಕೇಳಿದ್ರು. ಬ್ಯಾಡ ಅಂದೀನಿ. ಕಾರ್ಡು ನಂದು."

"ಶಾಟು ನಂದು."

"ಅದೇ ಆಪಾ. ಕಲಬುರಗ್ಯಾಗ ನಲವತ್ತು ಹೊಡದೀನಿ, ಒಂದೂ ಇದರಂಗ ಬೀಳ್ಲಿಲ್ಲ. ಪ್ರತಿ ಸಲ ಎತ್ತಿದಾಗ ಇದೇ ಕಣ್ಣಿಗಿ ಬರ್ತಿತ್ತು. ನನ್ನ ಹೆಸರಿನ ಕೆಳಗ ನಿನ್ನ ಹತ್ತು." ಅವಳ ಏನೂ ಇಲ್ಲದ ಮುಖದಲ್ಲಿ ಮೊದಲ ಸಲ ಏನೋ ಇತ್ತು, ಮೂಗಿನ ತುದಿ ಕೆಂಪಾಗಿತ್ತು. "ಹೊಟ್ಟಿ ಉರೀತದ ನೋಡಿದ್ರ."

ಗುಲಫಶಾ ಸ್ಟೂಲಿನ ಮೇಲೆ ಕೂತಳು. ಎದೆಯ ಮೇಲಿನಿಂದ ಯಾರೋ ತೊಗರಿ ಚೀಲ ಎತ್ತಿದ ಹಾಗಾಯಿತು.

"ಇನ್ನೊಮ್ಮಿ ಹೇಳು."

"ಹೇಳಂಗಿಲ್ಲ."

"ಒಂದೇ ಸಲ ಹೇಳು ಬೇ. ಎಷ್ಟು ಉರೀತದ?"

"ಬಲ್ಬು ಹಚ್ಚು ಆಪಾ. ಉಸ್ತಾದರು ಕರೀಲಿಕ್ಕತ್ತಾರ."

ಗುಲಫಶಾ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತನ್ನ ಜಾಕೀಟನ್ನು ಮುಂದೆ ಚಾಚಿದಳು. "ಹಂಗಾರ ಈ ಜೇಬು ಹೊಲದು ಕೊಡು. ಎರಡು ನಿಮಿಷದ ಕೆಲಸ ಅಂದಿದ್ದೆಲ್ಲ."

ಫರಹೀನ ಜಾಕೀಟು ನೋಡಿದಳು, ಕಾರ್ಡು ನೋಡಿದಳು, ಕನ್ನಡಕ ಹಾಕಿಕೊಂಡಳು.

"ನೀನೇ ಹೊಲ್ಕೊ," ಎಂದು ಒಳಗೆ ಹೋದಳು.

ಕೆಂಪು ಬಲ್ಬು ಹೊತ್ತಿಕೊಂಡಿತು. ಗುಲಫಶಾ ಅದರ ಕೆಳಗೆ ಕೂತು, ಬಾಗಿಲ ಬಳಿ ಇಟ್ಟಿದ್ದ ಅನುರಾಧಾಳ ಬ್ಯಾಗಿನಿಂದ ಸೂಜಿ ದಾರ ತೆಗೆದು, ತನ್ನ ಜೇಬನ್ನು ತಾನೇ ಹೊಲಿದುಕೊಂಡಳು. ಹೊಲಿಗೆ ಅವಳ ಅಕ್ಷರದ ಹಾಗೆಯೇ ಸೊಟ್ಟಪಟ್ಟವಾಗಿ ಬಂತು. ಒಳಗೆ ನಾಲ್ಕನೇ ಲೈನಿನಿಂದ ಠಪ್ ಎಂದು ಸದ್ದು ಬಂದಾಗಲೆಲ್ಲ ಅವಳು ಕಿವಿ ನಿಮಿರಿಸಿ ಕೇಳುತ್ತಿದ್ದಳು, ಕಾರ್ಡು ಬಂದಾಗ ಉಸ್ತಾದರು ಏನಂದರು ಎಂದು.

"ಠೀಕ್ ಅದ," ಎಂದರು ಉಸ್ತಾದರು.

ಗುಲಫಶಾ ದಾರವನ್ನು ಹಲ್ಲಿನಿಂದ ಕಡಿದಳು.